ಎಡಭುಜದ ಹೂವು

ಜೂನ್ 4, ಬುಧವಾರ

ರಾಯಲ್ಪಾಡಿನಲ್ಲಿ ನನಗೆ ಚೆನ್ನಾಗಿ ಗೊತ್ತಿರುವವರು ಮೂರೇ ಜನ. ಮದುವೆಯಾದ ಎರಡೇ ವಾರದಲ್ಲಿ ಮೂವರ ಮೇಲೂ ಪ್ರೀತಿ ಹುಟ್ಟಿಬಿಟ್ಟಿದೆ. ಬಾಯಿಬಿಟ್ಟು ಹೇಳಿದರೆ ನಗುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ. ಮಾಲೂರಿನ ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ನಿಲ್ಲಿಸುವವರಿಲ್ಲ. ಮನಸ್ಸು ಉಕ್ಕಿದಷ್ಟೂ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲನೆಯವರು ನನ್ನ ಚಂದು. ಊರಿಗೆಲ್ಲ ಚಂದ್ರಮೋಹನ್, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮೇಲ್ವಿಚಾರಕರು. ಈ ಪುಟದಲ್ಲಿ ಮಾತ್ರ ಚಂದು. ಸೀಸನ್ ಆದ್ದರಿಂದ ಕತ್ತಲಿರುವಾಗಲೇ ಹೋಗುತ್ತಾರೆ. ಬರುವಾಗ ಅಂಗಿಯ ಜೇಬಿನಲ್ಲಿ ಒಂದು ಮಲ್ಲಿಕಾ ಹಣ್ಣು ಇರುತ್ತದೆ. ಲಾರಿಗಟ್ಟಲೆ ಹಣ್ಣಿನ ನಡುವೆ ಹೆಂಡತಿಗೆಂದು ಒಂದನ್ನು ಎತ್ತಿಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ?

ಎರಡನೆಯವರು ಅತ್ತೆ. ರಮಾದೇವಿ ಎಂದು ಹೆಸರು. ಮಾವನವರು ತೀರಿಕೊಂಡ ಮೇಲೆ ತೋಟ, ಮನೆ, ಇಬ್ಬರು ಮಕ್ಕಳು ಎಲ್ಲವನ್ನೂ ನಡೆಸಿದವರು. ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು "ಅಮ್ಮಾಯಿ" ಎನ್ನುತ್ತಾರೆ, ಹುಡುಗಿ ಎಂದು. ಸೊಸೆ ಎಂದು ಇನ್ನೂ ಕರೆದಿಲ್ಲ. ಕರೆಯುತ್ತಾರೆ, ಕಾಯುತ್ತೇನೆ.

ಮೂರನೆಯವಳು ನಾದಿನಿ ಶ್ರುತಿ. ಈ ಮನೆಯಲ್ಲಿ ನನ್ನ ಜೊತೆ ಹೊಟ್ಟೆ ಹಿಡಿದುಕೊಂಡು ನಗುವವಳು ಅವಳೊಬ್ಬಳೇ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ. ಅವಳಿಗೆ ಕಂಪ್ಯೂಟರ್ ಇಂಜಿನಿಯರಿಂಗ್ ಓದಬೇಕು. ಮೈಸೂರಿನಲ್ಲಿ ಸೀಟು ಸಿಗುವಂತಿದೆ, ಹಾಸ್ಟೆಲ್ಲಿನಲ್ಲಿ ಇರಬೇಕು. ಅತ್ತೆಗೆ ಅವಳು ಕೋಲಾರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎಸ್‌ಸಿ. ಕಂಪ್ಯೂಟರ್ ಸೈನ್ಸ್ ಓದಲಿ, ದಿನಾ ಬಸ್ಸಿನಲ್ಲಿ ಹೋಗಿ ಬರಲಿ ಎಂಬ ಆಸೆ.

"ಎರಡ್ರಲ್ಲೂ ಕಂಪ್ಯೂಟರ್ ಐತಲ್ಲೇ," ಎಂದರು ಅತ್ತೆ, ಮಧ್ಯಾಹ್ನ ಅವರೆಬೇಳೆ ಆರಿಸುತ್ತ. "ಪಕ್ಕದಂಗಡೀಲಿ ಸಿಗೋ ಉಪ್ಪಿಗೆ ದೂರದ ಸಂತೆಗೆ ಯಾರಾದ್ರೂ ಹೋಗ್ತಾರಾ?"

"ಅದು ಉಪ್ಪು, ಇದು ಸಕ್ಕರೆ ಕಣಮ್ಮ. ಎರಡೂ ಬೆಳ್ಳಗಿದಾವೆ ಅಷ್ಟೇ," ಎಂದಳು ಶ್ರುತಿ.

ಆಮೇಲೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಅತ್ತಿಗೆ, ನೀವು ಬಿಸಿಎ ಮಾಡಿದೋರು. ಈ ಮನೇಲಿ ಕಂಪ್ಯೂಟರ್ ಬಗ್ಗೆ ನಿಮ್ ಮಾತು ನಡೆಯುತ್ತೆ. ನನ್ ಪರವಾಗಿ ಹೇಳ್ತೀರಾ?"

ಅವಳ ಎರಡೂ ಕೈ ಹಿಡಿದು ಹೇಳುತ್ತೇನೆ ಎಂದೆ. ಎಷ್ಟು ಚಂದದ ಹುಡುಗಿ. ತಂಗಿ ಇಲ್ಲದ ನನಗೆ ದೇವರು ಮದುವೆಯ ಉಡುಗೊರೆ ಕೊಟ್ಟ ಹಾಗಿದೆ.

ದೇವರು ಎಂದಾಗ ನೆನಪಾಯಿತು. ಇವರ ದೇವರಮನೆಯಲ್ಲಿ ಒಂದು ಮೊಳ ಎತ್ತರದ ಕಪ್ಪು ಕಲ್ಲಿನ ಗಂಗಮ್ಮ ಇದ್ದಾಳೆ. ಶಿವಾರಪಟ್ಟಣದಲ್ಲಿ ಕೆತ್ತಿಸಿ ತಂದಿದ್ದಂತೆ. ಅಂದರೆ ನಮ್ಮ ಮಾಲೂರು ತಾಲ್ಲೂಕಿನವಳು. ಇಬ್ಬರೂ ಒಂದೇ ಕಡೆಯಿಂದ ಈ ಮನೆಗೆ ಬಂದವರು ಎಂದು ಅವಳಿಗೆ ಗುಟ್ಟಾಗಿ ಹೇಳಿದ್ದೇನೆ.

ಜೂನ್ 8, ಭಾನುವಾರ

ಇಂದು ಉಪ್ಪಿನಕಾಯಿ. ಅಂಗಳದ ತುಂಬ ಕಾಯಿ ಸುರಿದುಕೊಂಡು ಕೂತೆವು. ನಾನು ಒಂದು ಕಾಯಿಯ ತೊಟ್ಟು ಮುರಿದದ್ದೇ ತಡ, ಶ್ರುತಿ ನನ್ನ ಮಣಿಕಟ್ಟು ಹಿಡಿದಳು.

"ಸೊನೆ ಮುಟ್ಬೇಡಿ ಅತ್ತಿಗೆ. ಚರ್ಮ ಸುಟ್ಟು ಕಪ್ಪಾಗುತ್ತೆ. ಅಂಟಿದ್ರೆ ಬಿಡಲ್ಲ, ಗೋಂದಿಗಿಂತ ಗಟ್ಟಿ. ಚಿಕ್ಕವಳಿದ್ದಾಗ ನಾನು ಹರಿದ ನೋಟ್‌ಬುಕ್ಕೆಲ್ಲ ಇದ್ರಲ್ಲೇ ಅಂಟಿಸ್ತಿದ್ದೆ."

ತೊಟ್ಟಿನಿಂದ ಒಸರುವ ಆ ಹಾಲಿನಂಥ ರಸ ಇಷ್ಟು ಕೆಟ್ಟದ್ದು ಎಂದು ನನಗೆ ಗೊತ್ತೇ ಇರಲಿಲ್ಲ. ನಾವು ಅಂಗಡಿಯ ಮಾವಿನಕಾಯಿ ತಿಂದು ಬೆಳೆದವರು.

ಮಧ್ಯಾಹ್ನ ತೋಟದ ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್ ಕೆಟ್ಟಿತು. ಮನೆಯಿಂದಲೇ ಫೋನ್ ಮಾಡಿದರೆ ಮೋಟಾರು ತಾನಾಗಿ ಓಡುವ ಪೆಟ್ಟಿಗೆ ಅದು. ಮೂರು ಫೇಸ್ ಕರೆಂಟು ಬಂದಿದೆ, ಪೆಟ್ಟಿಗೆ ಉಸಿರೆತ್ತುತ್ತಿಲ್ಲ. ಶ್ರುತಿ ಮೇನ್ ಆರಿಸಿ, ಪೆಟ್ಟಿಗೆ ಬಿಚ್ಚಿ, ಹಸಿರು ಹಲಗೆಯನ್ನು ಮಗುವಿನ ನಾಲಿಗೆ ನೋಡುವ ಡಾಕ್ಟರ ಹಾಗೆ ಬಾಗಿಸಿ ನೋಡಿದಳು. ಅದರಲ್ಲಿ ಯಾವುದೋ ತಂತಿಯ ಕಾಲು ಬಿಟ್ಟಿತ್ತಂತೆ, ಬೆಸುಗೆ ಹಾಕಿದಳು. ಫೋನ್ ಮಾಡಿದೆವು. ಮೋಟಾರು ಗುಂಯ್ ಎಂದಿತು. ನಾನು ಅಲ್ಲೇ ಕುಣಿದುಬಿಟ್ಟೆ.

"ಇದೇ ನೋಡಿ ವ್ಯತ್ಯಾಸ," ಎಂದಳು. "ಸೈನ್ಸ್ ಅಂದ್ರೆ ಕಂಪ್ಯೂಟರ್‌ಗೆ ಏನ್ ಹೇಳ್ಬೇಕು ಅಂತ ಕಲಿಯೋದು. ನನಗೆ ಅದಕ್ಕೆ ಕಿವಿ ಮಾಡೋದು ಕಲೀಬೇಕು. ಹೇಳಿದ್ದು ಎಲ್ಲಿ ಹೋಗಿ ಹೆಂಗೆ ಕೇಳ್ಸುತ್ತೆ, ಅದು."

ಮೂರು ವರ್ಷ ಬಿಸಿಎ ಓದಿದ ನಾನು ಒಮ್ಮೆಯೂ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದವಳಲ್ಲ. ನಮಗೆ ಬೇಕೂ ಇರಲಿಲ್ಲ. ಚಂದುಗೆ ಇವತ್ತೇ ಹೇಳಿಬಿಡಬೇಕು, ಇವಳನ್ನು ಮೈಸೂರಿಗೆ ಕಳಿಸದಿದ್ದರೆ ಪಾಪ ಬರುತ್ತದೆ ಎಂದು.

(ಆಮೇಲೆ ಸೇರಿಸಿದ್ದು: ಹೇಳಲಾಗಲಿಲ್ಲ. ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು ಪಾಪ. ಇವತ್ತು ಮಲ್ಲಿಕಾ ಹಣ್ಣೂ ಮರೆತುಹೋಗಿದೆ.)

ಜೂನ್ 14, ಶನಿವಾರ

ಇಂದು ಮಂಡಿಯಿಂದ ಚಂದು ಬೇಗ ಬಂದರು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಅವರೇ ಮಾತೆತ್ತಿದರು.

"ಮೌನಿಕಾ, ನೀನು ಓದಿದವಳು. ಹೇಳು, ಎರಡಕ್ಕೂ ಏನ್ ವ್ಯತ್ಯಾಸ?"

ಶ್ರುತಿಯ ಕಣ್ಣು ನನ್ನ ಮೇಲಿತ್ತು. ಇಂಜಿನಿಯರಿಂಗ್‌ನಲ್ಲಿ ಯಂತ್ರದ ಒಳಗಿನದೂ ಇರುತ್ತದೆ, ನಾಲ್ಕು ವರ್ಷ, ಕೆಲಸಕ್ಕೂ ಒಳ್ಳೆಯದು ಎಂದು ಶುರುಮಾಡಿದೆ. ಅತ್ತೆ ಮುದ್ದೆಯ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದರು, ಅಷ್ಟೇ. ಸಿಟ್ಟಿನ ನೋಟವಲ್ಲ. ಅಪರಿಚಿತರು ಅಂಗಳಕ್ಕೆ ಬಂದಾಗ ಯಾರಿದು ಎಂದು ನೋಡುತ್ತಾರಲ್ಲ, ಹಾಗೆ.

"ಆದರೆ ಎರಡೂ ಒಳ್ಳೆಯವೇ," ಎಂದು ಮುಗಿಸಿದೆ.

"ಅದೇ ನಾನೂ ಹೇಳಿದ್ದು," ಎಂದರು ಅತ್ತೆ. "ಎರಡೂ ಒಳ್ಳೇದಾದ್ರೆ ನಾವ್ಯಾಕೆ ಜಗಳ ಆಡ್ಬೇಕು? ಗಂಗಮ್ಮನ್ನ ಕೇಳೋಣ. ಆಷಾಢ ಬರೋದ್ರೊಳಗೆ ಹೂ ಇಟ್ಟು ಕೇಳಿಬಿಡೋಣ."

"ಸಿಇಟಿ ಬರೆದಿದ್ದು ನಾನು, ಗಂಗಮ್ಮ ಅಲ್ಲ," ಎಂದಳು ಶ್ರುತಿ.

"ಲೇ, ಬಾಯಿ," ಎಂದು ಚಂದು ನಕ್ಕರು.

ಇವರ ಮನೆಯ ಪದ್ಧತಿ ಕೇಳಿ ನನಗೆ ಮೈ ಜುಮ್ಮೆಂದಿತು. ದೇವಿಯ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಒಂದೊಂದು ಹೂವು ಅಂಟಿಸುತ್ತಾರೆ. ಕಲ್ಲು ಆರುತ್ತ ಬಂದಂತೆ ಯಾವುದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಆ ಹೂವನ್ನು ಯಾರು ಬೇಕಾದರೂ ಇಡುವಂತಿಲ್ಲ. ಮನೆಗೆ ಬಂದ ಹೊಸ ಸೊಸೆ ಮೊದಲ ಒಂದು ವರ್ಷ ಇಡಬೇಕು. ಅವಳಿಗೆ ಇನ್ನೂ ಈ ಮನೆಯ ಯಾವ ಆಸೆಯೂ ಅಂಟಿರುವುದಿಲ್ಲ, ಅವಳು ಯಾರ ಕಡೆಯವಳೂ ಅಲ್ಲ ಎಂದು. ಅತ್ತೆ ಬಂದ ವರ್ಷ ಅವರೂ ಇಟ್ಟಿದ್ದರಂತೆ.

"ವರ್ಷ ತುಂಬಿದ್ಮೇಲೆ ಅವಳೂ ಮನೆಯವಳಾಗ್ತಾಳೆ. ಆಮೇಲೆ ಅವಳು ಇಡೋ ಹಂಗಿಲ್ಲ," ಎಂದರು.

ಅಂದರೆ ನಾನಿನ್ನೂ ಮನೆಯವಳಲ್ಲ. ಒಂದು ಕ್ಷಣ ಚುಚ್ಚಿತು, ಸುಳ್ಳೇಕೆ ಹೇಳಲಿ.

ಶ್ರುತಿ ಸ್ವಲ್ಪ ಹೊತ್ತು ಮಜ್ಜಿಗೆ ಲೋಟವನ್ನೇ ತಿರುಗಿಸುತ್ತಿದ್ದಳು. ಕೊನೆಗೆ, "ಅತ್ತಿಗೆ ಇಡ್ತಾರೆ ಅಂದ್ರೆ ನಾನು ಒಪ್ತೀನಿ. ಯಾವ್ದು ಬಿದ್ರೆ ಅದು. ಆಮೇಲೆ ನಾನೂ ಮಾತಾಡಲ್ಲ, ನೀವೂ ಮಾತಾಡಬಾರದು," ಎಂದಳು.

ಅತ್ತೆ ಒಪ್ಪಿದರು. ನನ್ನ ಮೇಲೆ ಎಷ್ಟು ನಂಬಿಕೆ ಇವರಿಗೆಲ್ಲ.

ಜೂನ್ 19, ಗುರುವಾರ

ಇಂದು ಅತ್ತೆ ನನ್ನನ್ನು ಜಗಲಿಯಲ್ಲಿ ಕೂರಿಸಿ ತಲೆಗೆ ಎಣ್ಣೆ ಒತ್ತಿದರು. ಅಮ್ಮನ ಕೈಗಿಂತ ಗಟ್ಟಿ ಕೈ, ಆದರೆ ಎಷ್ಟು ಹಿತ. ಶ್ರುತಿ ಸ್ನೇಹಿತೆಯ ಮನೆಗೆ ಹೋಗಿದ್ದಳು. ಒತ್ತುತ್ತಲೇ ಮನಸ್ಸು ಬಿಚ್ಚಿದರು.

ಮಾವನವರು ಹೋದ ವರ್ಷ ದಾಯಾದಿಗಳು ತೋಟಕ್ಕೆ ಬೇಲಿ ಹಾಕಲು ಬಂದಿದ್ದರಂತೆ. ಆಗ ದೇವರಾಯಸಮುದ್ರದಿಂದ ಅತ್ತೆಯ ಅಣ್ಣ ಬಂದು ಆರು ತಿಂಗಳು ಇಲ್ಲೇ ನಿಂತರಂತೆ, ತಮ್ಮ ಹೊಲವನ್ನು ಬೀಳುಬಿಟ್ಟು. ಅವರ ಮಗ ಸುಬ್ರಮಣಿ. ಬಿ.ಕಾಂ. ಓದಿ ಮುಳಬಾಗಿಲಿನಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಾನೆ. ಶ್ರುತಿಯನ್ನು ಅವನಿಗೇ ಕೊಡುವುದು ಎಂದು ಅಣ್ಣ ತಂಗಿ ಆಗಲೇ ಮಾತಾಡಿಕೊಂಡಿದ್ದಾರೆ.

"ಬಿ.ಎಸ್‌ಸಿ. ಆದ್ರೆ ಬಿ.ಕಾಂಗೆ ಸರಿಜೋಡಿ. ಇಂಜಿನಿಯರ್ ಆದ್ಮೇಲೆ ಅವಳು ಗೊಬ್ಬರದಂಗಡಿಯೋನ್ನ ಒಪ್ತಾಳಾ? ಅಣ್ಣಂಗೆ ನಾನ್ ಯಾವ ಮುಖ ತೋರಿಸ್ಲಿ?" ಎಂದರು. ಎಣ್ಣೆಯ ಕೈ ನಿಂತಿತು. ಅಳುತ್ತಿದ್ದರೇನೋ, ನಾನು ತಿರುಗಿ ನೋಡಲಿಲ್ಲ.

ಆಮೇಲೆ ಮೆಲ್ಲಗೆ, "ಬಲಭುಜ ಸೈನ್ಸಿಗೆ, ಎಡಭುಜ ಇಂಜಿನಿಯರಿಂಗ್‌ಗೆ ಅನ್ನೋಣ. ಎಡಗಡೇದು ಒಂಚೂರು ಗಟ್ಟಿಯಾಗಿ ಇಡಮ್ಮ. ಅಷ್ಟೇ. ಬೀಳೋದಿದ್ರೆ ಹಂಗೂ ಬೀಳುತ್ತೆ," ಎಂದರು. ಜಡೆ ಹಾಕಿ ಮುಗಿಸಿ, "ನನ್ ಸೊಸೆ ಜಾಣೆ," ಎಂದರು.

ಸೊಸೆ ಎಂದರು. ಇವತ್ತು ಎಂದರು.

ನಾನು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಯೋಚಿಸಿದರೆ ಅತ್ತೆ ಹೇಳುವುದರಲ್ಲೂ ನ್ಯಾಯವಿದೆ. ಕೋಲಾರದ ಕಾಲೇಜೇನು ಕೆಟ್ಟದ್ದಲ್ಲ. ಮತ್ತೆ, ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ, ಶ್ರುತಿ ಮೈಸೂರಿಗೆ ಹೋದರೆ ಇಡೀ ದಿನ ಈ ಮನೆಯಲ್ಲಿ ನಾನು ಯಾರ ಜೊತೆ ಮಾತಾಡಲಿ? ಚಂದು ಬರುವುದು ನಾನು ತೂಕಡಿಸುವ ಹೊತ್ತಿಗೆ. ಸಂಜೆಯಾದರೆ ಈ ಮನೆ ಬಾವಿಯ ಹಾಗೆ. ಅವಳು ಇದ್ದರೆ ಸಂಜೆ ಬಸ್ಸಿಳಿದು ಬರುತ್ತಾಳೆ, ಕಾಫಿ ಕುಡಿಯುತ್ತ ಕಾಲೇಜಿನ ಕಥೆ ಹೇಳುತ್ತಾಳೆ, ಇಬ್ಬರೂ ನಗುತ್ತೇವೆ. ನನ್ನ ಲ್ಯಾಪ್‌ಟಾಪ್ ಅವಳಿಗೇ ಕೊಡುತ್ತೇನೆ.

ಜೂನ್ 20, ಶುಕ್ರವಾರ

ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಕೆಂಪು ಕಣಗಿಲೆ ಬಿಡಿಸಲು ಹಿತ್ತಲಿಗೆ ಹೋದೆ. ಎರಡೂ ಹೂವು ಒಂದೇ ಗಾತ್ರದ್ದು ಹುಡುಕಿ ಕಿತ್ತೆ. ಪಕ್ಕದಲ್ಲೇ ಮಾವಿನ ಕೊಂಬೆ ಕೈಗೆ ಸಿಗುವಷ್ಟು ಬಾಗಿತ್ತು. ಅತ್ತೆ ಗಟ್ಟಿಯಾಗಿ ಇಡು ಎಂದಿದ್ದರು, ಹೇಗೆ ಎಂದು ಹೇಳಿರಲಿಲ್ಲ. ನೀರು ಹೆಚ್ಚಾದರೆ ಹೂವು ಜಾರುತ್ತದೆ. ನನಗೆ ಶ್ರುತಿಯ ನೋಟ್‌ಬುಕ್ಕು ನೆನಪಾಯಿತು. ಒಂದು ಕಾಯಿಯ ತೊಟ್ಟು ಮುರಿದು, ಎಡಗಡೆಗೆಂದು ಇಟ್ಟುಕೊಂಡ ಹೂವಿನ ಬೆನ್ನಿಗೆ ಒಂದೇ ಒಂದು ಹನಿ ಮುಟ್ಟಿಸಿದೆ. ನಿಜಕ್ಕೂ ಒಂದೇ ಹನಿ.

ಶ್ರುತಿ ಹೊಸ ಲಂಗ ದಾವಣಿ ಉಟ್ಟು ದೇವಿಯ ಮುಂದೆ ಕೂತಳು. "ಇಂಜಿನಿಯರಿಂಗ್ ಎಡಗಡೇನಾ? ಆಗ್ಲಿ. ತ್ರಿಶೂಲ ಎಡಗೈಲೇ ಹಿಡಿದಿದಾಳೆ," ಎಂದು ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಚಂದು ಊದುಬತ್ತಿ ಹಚ್ಚಿದರು. ಅತ್ತೆ ಬಾಗಿಲ ಬಳಿ ನಿಂತರು. ನಾನು ಬಲಕ್ಕೊಂದು ಎಡಕ್ಕೊಂದು ಇಟ್ಟು ಹಿಂದೆ ಸರಿದೆ.

ಕಲ್ಲಿನ ಮೇಲಿನ ತೇವ ಮೇಲಿಂದ ಕೆಳಕ್ಕೆ ಆರುತ್ತ ಬಂತು. ಶ್ರುತಿಯ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಮಾಡುವುದಿಲ್ಲ ಎನ್ನುತ್ತಿದ್ದ ಹುಡುಗಿ. ಬಲಗಡೆಯ ಹೂವು ತಲೆ ಬಾಗಿಸಿತು, ಒಂದಿಷ್ಟು ಜಾರಿತು, ಬಿತ್ತು.

"ಕೊಟ್ಟಳು ತಾಯಿ," ಎಂದರು ಅತ್ತೆ.

ಶ್ರುತಿ ಏಳಲಿಲ್ಲ. ಎಡಗಡೆಯದೂ ಬೀಳುತ್ತದೇನೋ ಎಂದು ಕಾಯುವ ಹಾಗೆ ಕೂತಿದ್ದಳು. ದೀಪದ ಎಣ್ಣೆ ತೀರಿದರೂ ಅದು ಬೀಳಲಿಲ್ಲ.

ದೇವಿಗೆ ಮನಸ್ಸಿದ್ದಿದ್ದರೆ ಒಂದು ಹನಿ ಸೊನೆ ಅವಳನ್ನು ತಡೆಯುತ್ತಿತ್ತೇ? ಅವಳದೇ ಇಷ್ಟ ಎಂದೇ ಆಯಿತಲ್ಲ.

ಜೂನ್ 21, ಶನಿವಾರ

ಬಲಗೈಯ ತೋರುಬೆರಳ ತುದಿ ಉರಿಯುತ್ತಿದೆ, ಕಪ್ಪಗಾಗಿದೆ. ಶ್ರುತಿಯೇ ಕೊಬ್ಬರಿ ಎಣ್ಣೆ ಹಚ್ಚಿದಳು.

"ನಿನ್ನೆ ಕಾಯಿ ಹೆಚ್ಚಲಿಲ್ವಲ್ಲ ಅತ್ತಿಗೆ?"

ಹಳೆಯದು ಎಂದೆ. ಬೆರಳನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಇದ್ದಳು. ಎಷ್ಟು ಕಾಳಜಿ.

ಜೂನ್ 25, ಬುಧವಾರ

ನಾಳೆಯಿಂದ ಆಷಾಢ. ಹೊಸ ಸೊಸೆ ಅತ್ತೆಯ ಸೂರಿನಡಿ ಇರುವಂತಿಲ್ಲ. ಅಪ್ಪ ಕಾರು ತಂದಿದ್ದಾರೆ, ಮಾಲೂರಿಗೆ ಹೊರಟೆ. ಅತ್ತೆ ಸೀರೆ ಕೊಟ್ಟರು, ಉಪ್ಪಿನಕಾಯಿ ಜಾಡಿ ಕೊಟ್ಟರು. ಚಂದು ಮಂಡಿಯಿಂದ ಬರಲಾಗಲಿಲ್ಲ, ತೋತಾಪುರಿ ಲೋಡು ಇತ್ತಂತೆ, ಫೋನಿನಲ್ಲೇ ಹೋಗಿ ಬಾ ಎಂದರು. ಶ್ರುತಿ ಕಾರಿನವರೆಗೂ ಬಂದಳು. ಅವಳನ್ನು ತಬ್ಬಿಕೊಂಡು, ಸೈನ್ಸ್ ಕೂಡ ಚೆನ್ನಾಗಿರುತ್ತದೆ, ನೋಡುತ್ತಿರು ಎಂದೆ. "ಹೂಂ" ಎಂದಳು.

ಜುಲೈ 15, ಮಂಗಳವಾರ. ಮಾಲೂರು

ಬರೆಯುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಇಷ್ಟು ದಿನ ಬಿಟ್ಟೆ. ಅಮ್ಮ ಮಾಡಿ ಹಾಕುತ್ತಾಳೆ, ತಿನ್ನುತ್ತೇನೆ, ಮಲಗುತ್ತೇನೆ. ಚಂದು ಮೊದಲು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ಈಗ ನಾನೇ ಮಾಡುತ್ತೇನೆ. ಹಿಂದೆ ಹರಾಜಿನ ಕೂಗು ಕೇಳುತ್ತದೆ, ಆಮೇಲೆ ಮಾಡ್ತೀನಿ ಎನ್ನುತ್ತಾರೆ. ಸೀಸನ್ ಮುಗಿಯಲಿ.

ಇಂದು ಮಧ್ಯಾಹ್ನ ಶ್ರುತಿಯ ಫೋನ್ ಬಂತು. ಖುಷಿಯಿಂದ ಎತ್ತಿದೆ.

"ಅತ್ತಿಗೆ, ಇಂಜಿನಿಯರಿಂಗ್ ಸೀಟಿಗೆ ಕಾಲೇಜು ಆರಿಸಿ ಆಪ್ಷನ್ ತುಂಬೋಕೆ ನಾಳೆ ಕೊನೆ ದಿನ."

"ಆದ್ರೆ ಅದು ತೀರ್ಮಾನ ಆಯ್ತಲ್ಲೇ."

"ಆಯ್ತು. ಒಂದೇ ಮಾತು ಕೇಳ್ತೀನಿ, ನೀವು ಏನ್ ಹೇಳ್ತೀರೋ ಅದೇ. ಎರಡು ಹೂನೂ ಒಂದೇ ಥರ ಇಟ್ರಾ?"

ಒಳಗೆ ಕುಕ್ಕರ್ ಕೂಗುತ್ತಿತ್ತು. ಅಮ್ಮ ನಡುಮನೆಯಲ್ಲೇ ಕೂತು ಹೂ ಕಟ್ಟುತ್ತಿದ್ದಳು. ನಿಜ ಹೇಳಿದರೆ ಅತ್ತೆಯ ಗತಿ ಏನು? ನನ್ನ ತಲೆಗೆ ಎಣ್ಣೆ ಒತ್ತಿದ ಕೈ. ಶ್ರಾವಣಕ್ಕೆ ನಾನು ಮತ್ತೆ ಅದೇ ಮನೆಗೆ ಹೋಗಬೇಕು, ಅದೇ ತಟ್ಟೆಯ ಮುಂದೆ ಕೂರಬೇಕು.

"ಒಂದೇ ಥರ," ಎಂದೆ.

"ಬರೀ ನೀರಲ್ಲಿ?"

"ಬರೀ ನೀರಲ್ಲಿ ಕಣೇ. ಏನಿದು ಪೊಲೀಸ್ ಥರ."

"ಸರಿ ಅತ್ತಿಗೆ. ಊಟ ಮಾಡಿ," ಎಂದು ಇಟ್ಟಳು.

ಏನಂತೆ ಎಂದು ಅಮ್ಮ ಕೇಳಿದಳು. ಏನಿಲ್ಲ, ಸುಮ್ಮನೆ ಎಂದೆ. ಬೇರೆಯವರ ಮನೆಯ ಒಳ್ಳೆಯದಕ್ಕೆ ಕೆಲವೊಮ್ಮೆ ಹೀಗೆ ಹೇಳಬೇಕಾಗುತ್ತದೆ. ಬೇರೆಯವರ ಎಂದು ಬರೆದುಬಿಟ್ಟೆ. ನಮ್ಮ ಮನೆಯ.

ಜುಲೈ 16, ಬುಧವಾರ

ಸಂಜೆ ಅತ್ತೆಯ ಫೋನ್. ಶ್ರುತಿ ಆಪ್ಷನ್ ತುಂಬಲಿಲ್ಲವಂತೆ. ಕೋಲಾರದಲ್ಲಿ ಸೀಟು ಸಿಕ್ಕಿದೆಯಂತೆ. ಒಳ್ಳೆಯದಾಯಿತು.

ಜುಲೈ 28, ಸೋಮವಾರ. ರಾಯಲ್ಪಾಡು

ಮತ್ತೆ ನಮ್ಮ ಮನೆಗೆ ಬಂದೆ. ಇವರು ಒಂದಿಷ್ಟು ಇಳಿದುಹೋಗಿದ್ದಾರೆ. ಮಾವಿನ ಸೀಸನ್ ಮುಗಿಯಿತು, ಈಗ ಟೊಮೆಟೊ ಮಾರುಕಟ್ಟೆಗೂ ಓಡಾಡುತ್ತಾರೆ, ಆದ್ದರಿಂದ ಬರುವುದು ಇನ್ನೂ ತಡ.

ಸಂಜೆ ಶ್ರುತಿ ಬಸ್ಸಿಳಿದು ಬರುವ ಹೊತ್ತಿಗೆ ಕಾಫಿ ಮಾಡಿಟ್ಟುಕೊಂಡು ಕಾದೆ. ಬಂದಳು, ಕಾಫಿ ಕುಡಿದಳು, ಲೋಟ ತಾನೇ ತೊಳೆದಿಟ್ಟಳು. ಕಾಲೇಜು ಹೇಗಿದೆ ಎಂದೆ. ಚೆನ್ನಾಗಿದೆ ಎಂದಳು. ಏನು ಹೇಳಿಕೊಟ್ಟರು ಎಂದೆ. ಕಂಪ್ಯೂಟರ್‌ಗೆ ಏನ್ ಹೇಳ್ಬೇಕು ಅಂತ ಎಂದಳು. ಲ್ಯಾಪ್‌ಟಾಪ್ ಅವಳ ಕೋಣೆಗೆ ತೆಗೆದುಕೊಂಡು ಹೋದರೆ, "ಬೇಡ ಅತ್ತಿಗೆ, ಕಾಲೇಜಲ್ಲಿ ಲ್ಯಾಬ್ ಇದೆ," ಎಂದು ಎರಡೂ ಕೈಯಲ್ಲಿ ವಾಪಸ್ ಕೊಟ್ಟಳು. ದಣಿದಿರುತ್ತಾಳೆ. ಎರಡು ಗಂಟೆ ಬಸ್ಸು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಕಾಲೇಜಿಗೆ ರಜೆ. ಶುಕ್ರವಾರ ಗಂಗಮ್ಮನಿಗೆ ಸ್ನಾನ ಮಾಡಿಸುವುದು ಮೊದಲಿಂದಲೂ ಶ್ರುತಿಯ ಕೆಲಸ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು. ಎಡಭುಜದ ಹತ್ತಿರ ಬೆರಳಗಲದ ಒಂದು ಕಲೆ, ಕಂದು ಬಣ್ಣದ್ದು, ಒಣಗಿದ ಅಂಟಿನ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಮತ್ತೆ ಮತ್ತೆ ಉಜ್ಜಿದಳು.

"ಹೋಗ್ತಾ ಇಲ್ವಾ?" ಎಂದು ಕೇಳಿದೆ.

"ಕಲ್ಲು ಕುಡಿದುಬಿಟ್ಟಿದೆ. ನೀವು ಮಾಲೂರಿಗೆ ಹೋದ್ರಲ್ಲ, ಅದರ ಮೊದಲ ಶುಕ್ರವಾರದಿಂದ ಉಜ್ತಾ ಇದೀನಿ."

ನನ್ನ ಮುಖ ನೋಡಲಿಲ್ಲ. ನೀರು ಸುರಿದಳು, ಬಟ್ಟೆಯಲ್ಲಿ ಒರೆಸಿದಳು, ಆ ಜಾಗಕ್ಕೆ ಒಂದಿಷ್ಟು ಹೆಚ್ಚು ಅರಿಶಿನ ಮೆತ್ತಿದಳು. ಕಲೆ ಮುಚ್ಚಿತು.

ನಾನು ಹೋದ ಮೊದಲ ಶುಕ್ರವಾರ ಎಂದರೆ ಜೂನ್ ತಿಂಗಳು. ಅವಳು ನನಗೆ ಫೋನ್ ಮಾಡಿದ್ದು ಜುಲೈಯಲ್ಲಿ. ಹಾಗಾದರೆ ಕೇಳುವಾಗಲೇ ಅವಳಿಗೆ...

ಕಳಶಕ್ಕೆ ಹೊತ್ತಾಯಿತು ಎಂದು ಅತ್ತೆ ಕರೆದರು. ಸೀರೆ ಉಡಿಸುವುದಿತ್ತು, ಒಬ್ಬಟ್ಟಿನ ಹೂರಣ ರುಬ್ಬುವುದಿತ್ತು. ಹದಿನಾರು ಜನ ಮುತ್ತೈದೆಯರು ಬಂದಿದ್ದರು. ಎಲ್ಲರೂ ಸೊಸೆ ಚುರುಕು ಎಂದರು.

ಆಗಸ್ಟ್ 19, ಮಂಗಳವಾರ

ಮೊಬೈಲ್ ಸ್ಟಾರ್ಟರ್ ಮತ್ತೆ ಕೆಟ್ಟಿದೆ. ಟೊಮೆಟೊ ಸಸಿ ನೆಟ್ಟು ಇನ್ನೂ ವಾರವಾಗಿಲ್ಲ, ಮಳೆ ಕೈಕೊಟ್ಟಿದೆ. ಮಧ್ಯಾಹ್ನ ಮೂರು ಫೇಸ್ ಕರೆಂಟು ಬಂದರೂ ಮೋಟಾರು ಏಳಲಿಲ್ಲ. ಸಂಜೆ ಶ್ರುತಿ ಬಂದ ಕೂಡಲೇ ಅತ್ತೆ ಸ್ಕ್ರೂಡ್ರೈವರ್ ಅವಳ ಮುಂದೆ ಇಟ್ಟರು.

"ನಂಗೆ ಗೊತ್ತಾಗಲ್ಲಮ್ಮ. ನಂದು ಸೈನ್ಸು. ಪೆಟ್ಟಿಗೆ ಬಿಚ್ಚೋದು ಇಂಜಿನಿಯರಿಂಗು."

"ಮೊನ್ನೆ ಮೊನ್ನೆ ನೀನೇ ಮಾಡಿದ್ಯಲ್ಲೇ."

"ಆಗ ಎರಡೂ ನಂದೇ ಅಂದ್ಕೊಂಡಿದ್ದೆ. ನೀವೆಲ್ಲ ಸೇರಿ ಒಂದೇ ಸಾಕು ಅಂತ ತೀರ್ಮಾನ ಮಾಡಿದ್ರಲ್ಲ."

ಮನೆಗೆ ಬಂದು ವಿಷಯ ಕೇಳಿ ಇವರು ರೇಗಿದರು. "ಏನ್ ದಿಮಾಕೇ ನಿಂದು? ಸಸಿ ಸಾಯ್ತಾ ಇದೆ ಅಲ್ಲಿ." ಅವಳು ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಶ್ರೀನಿವಾಸಪುರದಿಂದ ಮೆಕ್ಯಾನಿಕ್ ನಾಡಿದ್ದು ಬರುತ್ತಾನಂತೆ.

ನಾನೂ ಹಿಂದೆಯೇ ಹೋಗಿ ಮೆತ್ತಗೆ ಹೇಳಿದೆ, ಮನೆಯ ಹೆಣ್ಣುಮಗಳಿಗೆ ಇಷ್ಟು ಹಟ ಇರಬಾರದು, ಅಮ್ಮನ ಕಷ್ಟ ನೋಡಬೇಕು ಎಂದು. ಒಳ್ಳೆಯದಕ್ಕೇ ಹೇಳಿದ್ದು. ಶ್ರುತಿ ನಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು. "ನೀವೀಗ ಥೇಟ್ ಅಮ್ಮನ ಥರಾನೇ ಮಾತಾಡ್ತೀರ ಅತ್ತಿಗೆ," ಎಂದಳು.

ನನಗೆ ಸಂತೋಷವೇ ಆಯಿತು. ಆಮೇಲೆ ಯಾಕೋ ಆಗಲಿಲ್ಲ.

ಆಗಸ್ಟ್ 21, ಗುರುವಾರ

ಸಸಿ ಅರ್ಧಕ್ಕರ್ಧ ಬಾಡಿದೆ.

ಸೆಪ್ಟೆಂಬರ್ 5, ಶುಕ್ರವಾರ

ದೇವರಾಯಸಮುದ್ರದಿಂದ ಅತ್ತೆಯ ಅಣ್ಣ ಮೂರು ದಿನದಿಂದ ಫೋನ್ ಮಾಡುತ್ತಿದ್ದಾರೆ. ಸುಬ್ರಮಣಿಗೆ ಬೇರೆ ಕಡೆಯಿಂದ ಸಂಬಂಧ ಬರುತ್ತಿವೆಯಂತೆ, ಶ್ರುತಿಯ ಓದು ಮದುವೆಯಾದ ಮೇಲೂ ಆಗುತ್ತದೆ, ಈ ವರ್ಷವೇ ಮಾಡಿಬಿಡೋಣ ಎನ್ನುತ್ತಾರಂತೆ. ಫೋನಿನ ಮಾತು ಶ್ರುತಿಯ ಕಿವಿಗೂ ಬಿದ್ದಿದೆ. ಪಿತೃಪಕ್ಷ ಬರುವುದರೊಳಗೆ ಹೂವು ಕೇಳಿಬಿಡೋಣ ಎಂದರು ಅತ್ತೆ. ಬೆಳಗ್ಗೆ ನನ್ನನ್ನು ಹಿತ್ತಲ ಬಾಗಿಲ ಬಳಿ ಕರೆದು, "ಹೋದ್ಸಲದ ಥರಾನೇ. ನಿನ್ ಕೈಗುಣ ಒಳ್ಳೇದು," ಎಂದರು.

ಕಾಯಿಯ ಕಾಲವಲ್ಲ, ಮರದಲ್ಲಿ ಒಂದೂ ಇರಲಿಲ್ಲ. ಹಾಗೆಂದು ನೋಡಿದೆ ಎಂದಲ್ಲ, ಕಣ್ಣು ಹೋಯಿತು. ಎರಡು ಕಣಗಿಲೆ ಕಿತ್ತು ತಟ್ಟೆಯಲ್ಲಿಟ್ಟೆ.

ಶ್ರುತಿ ಸಂಜೆ ಬಂದಾಗ ದೇವರಮನೆಯಲ್ಲಿ ದೀಪ ಹಚ್ಚಿತ್ತು. ಹೆಗಲ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. ತಟ್ಟೆ ನೋಡಿದಳು.

"ಯಾರು ಇಡೋದು?"

"ಇನ್ಯಾರು? ಅತ್ತಿಗೆ. ಅವಳು ಬಂದು ಇನ್ನೂ ವರ್ಷ ತುಂಬಿಲ್ಲ," ಎಂದರು ಅತ್ತೆ.

"ವರ್ಷ ತುಂಬಿಲ್ಲ ನಿಜ. ಆದ್ರೆ ಅತ್ತಿಗೆ ಆಗ್ಲೇ ಮನೆಯವರಾಗಿಬಿಟ್ಟಿದಾರೆ. ಇನ್ನು ಅವರು ಇಡೋ ಹಂಗಿಲ್ಲ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಅತ್ತೆಯ ಕಣ್ಣು ದೇವಿಯ ಎಡಭುಜದ ಅರಿಶಿನದ ಮೇಲೆ ಹೋಯಿತು, ಅಲ್ಲಿಂದ ಇನ್ನೂ ಕಲೆ ಮಾಸದ ನನ್ನ ಬೆರಳಿನ ಮೇಲೆ. ಹೇಗೆ ಗಟ್ಟಿ ಇಟ್ಟೆ ಎಂದು ಅವರು ಅವತ್ತು ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ.

"ಹಂಗಾದ್ರೆ ಇನ್ ಹೆಂಗೇ?" ಎಂದರು ಕೊನೆಗೆ, ಬಹಳ ಸಣ್ಣಗೆ.

"ಹೂ ಬೇಡ. ಓದು ಮುಗಿಯೋವರೆಗೂ ಈ ಮಾತು ಬೇಡ ಅಂತ ಮಾವಂಗೆ ಹೇಳಿ. ಆಮೇಲೆ ನನ್ನನ್ನ ಕೇಳಿ. ಗಂಗಮ್ಮನ್ನಲ್ಲ, ನನ್ನನ್ನ."

ಅತ್ತೆ ಅಣ್ಣನಿಗೆ ಫೋನ್ ಮಾಡಲು ಜಗಲಿಗೆ ಹೋದರು. ಶ್ರುತಿ ಬ್ಯಾಗು ಇಳಿಸಿ, ಕೈಕಾಲು ತೊಳೆದು, ನಾನು ಮಾಡಿಟ್ಟ ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟಳು.

ಮನೆಯವರು ಎಂದಳು. ಈ ಮನೆಗೆ ಬಂದ ದಿನದಿಂದ ಕಾಯುತ್ತಿದ್ದ ಮಾತು, ಅದೂ ಅವಳ ಬಾಯಿಂದ. ಇವರಿಗೆ ಫೋನ್ ಮಾಡಿ ಹೇಳಬೇಕು ಎಂದುಕೊಂಡೆ. ಏನೆಂದು ಹೇಳುವುದು ಎಂದು ತಿಳಿಯದೆ ಬಿಟ್ಟೆ.

ತಟ್ಟೆಯಲ್ಲಿ ಎರಡು ಹೂವು ಹಾಗೇ ಉಳಿದಿದ್ದವು. ದೇವಿಗೆ ಮುಡಿಸಲು ಕೈ ಹೋಗಲಿಲ್ಲ. ಒಂದು ಬಟ್ಟಲಲ್ಲಿ ನೀರು ಹಾಕಿ ಅದರೊಳಗೆ ಬಿಟ್ಟು ಕಿಟಕಿಯಲ್ಲಿ ಇಟ್ಟಿದ್ದೇನೆ. ಬರೀ ನೀರು. ಎರಡೂ ಒಂದೇ ಥರ ತೇಲುತ್ತಿವೆ.